ಟೇಬಲ್ಲಿಗೊಂದು ಝೂಲು

ಪುಣೆಯ ಮಗಳು ಹೊಸದಾಗಿ ಊಟದ ಟೇಬಲ್ ತಗೊಂಡಳು. ಅದರ ಫೋಟೋ ಬಂತು. ಆರು ಕುರ್ಚಿ, ಮನೆಯಲ್ಲಿರುವವರು ಮೂರು ಮಂದಿ, ಅದರಲ್ಲೊಬ್ಬಳಿಗೆ ಇನ್ನೂ ಟೇಬಲ್ ಎಟುಕುವುದಿಲ್ಲ. ಫೋಟೋದ ಬೆನ್ನಿಗೇ ಒಂದು ಮೆಸೇಜು: “ಅವ್ವಾ, ಇದರ ನಡುವ ಉದ್ದಕ ಹಾಸಾಕ ಒಂದು ರನ್ನರ್ ಹೊಲದ್ ಕೊಡು. ಆಯೀದು ಇಳಕಲ್ ಸೀರಿ ಟ್ರಂಕಿನ್ಯಾಗ ಸುಮ್ನ ಬಿದ್ದದಲ್ಲ, ಅದರಾಗ ಮಾಡು. ದಡಿ ನಾಕೂ ಕಡಿ ಬರ್ಲಿ. ತುದಿ ಎರಡೂ ಚೂಪ್ ಇರ್ಲಿ.”

ನಾಕೂ ಕಡೆ ಅಂದಳು. ತುದಿ ಎರಡೂ ಚೂಪಾದ ಮೇಲೆ ಕಡೆಗಳು ಆರಾಗುತ್ತವೆ ಅನ್ನುವುದು ಅವಳಿಗೆ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದು ಹೊಳೆದದ್ದು ಬಟ್ಟೆಗೆ ಕತ್ತರಿ ಹಾಕಿದ ಮೇಲೆಯೇ. ಹೇಳಿಕೊಳ್ಳಲು ನಾಚಿಕೆ, ನಾನು 31 ವರ್ಷ ಸಾಲಿಯಲ್ಲಿ ಗಣಿತ ಕಲಿಸಿದವಳು.

ಉಮರ್ಗಾದ ನಮ್ಮ ಮನೆಯಲ್ಲಿ ಟೇಬಲ್ ಇರುವುದು ಮಕ್ಕಳ ಅಭ್ಯಾಸಕ್ಕೆ. ಊಟ ನೆಲದ ಮೇಲೆ. ಗಂಡಸರಿಗೆ ಮಣೆ, ಹೆಂಗಸರಿಗೆ ನೆಲ, ಮಠದ ಅಯ್ಯನವರು ಬಂದರೆ ತಾಟಿನ ಕೆಳಗೆ ಅಡ್ಡಣಿಗೆ. ಊಟದ ಕೆಳಗೆ ಅರಿವೆ ಹಾಸುವ ಬುದ್ಧಿ ಯಾರಿಗೂ ಬಂದಿರಲಿಲ್ಲ. ಹಾಸಿದರೆ ಸಾರು ಚೆಲ್ಲುತ್ತದೆ, ಚೆಲ್ಲಿದ್ದನ್ನು ಒಗೆಯುವವರು ಯಾರು? ಈ ಪ್ರಶ್ನೆಯನ್ನು ಮಗಳಿಗೆ ಕೇಳಿದೆ. “ಅದರ ಮ್ಯಾಲ ಯಾರೂ ಉಣ್ಣಂಗಿಲ್ಲ ಅವ್ವಾ, ಅದು ಬರೇ ನೋಡಾಕ” ಅಂದಳು. ಊಟದ ಟೇಬಲ್ಲಿನ ಮೇಲೆ ಊಟಕ್ಕಲ್ಲದ ಜಾಗವೊಂದು ಬೇಕು, ಅದಕ್ಕೊಂದು ಬಟ್ಟೆ ಬೇಕು ಅನ್ನುವುದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು.

ಟ್ರಂಕು ತೆಗೆದೆ. ಡಾಂಬರ ಗುಳಿಗೆಯ ವಾಸನೆಯ ನಡುವೆ ನನ್ನ ಅವ್ವನ, ಮಗಳಿಗೆ ಆಯಿಯ, ಸೀರೆ. ನೀಲಿಕಪ್ಪು ಮೈ, ಕೆಂಪು ದಡಿ, ದಡಿಯ ನಡುವೆ ಸಣ್ಣ ಹಳದಿ ಗೆರೆ. ನಮ್ಮೂರ ಮರಾಠಿ ಬಾಯಲ್ಲಿ ಇದು ‘ಇರಕಲ್’. ಬಾಗಲಕೋಟೆ ಜಿಲ್ಲೆಯ ಊರೊಂದು ಇಲ್ಲಿಗೆ ಬರುವಷ್ಟರಲ್ಲಿ ತನ್ನ ‘ಳ’ಕಾರವನ್ನು ದಾರಿಯಲ್ಲೆಲ್ಲೋ ಬೀಳಿಸಿಕೊಂಡಿದೆ. ಇಳಕಲ್ ಸೀರೆಯೇ ಒಂದು ಜೋಡಣೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಮಗ್ಗದ ಮೇಲೇ ಕೂಡಿಸುತ್ತಾರೆ. ಅದಕ್ಕೇ ಸೆರಗಿನ ಕೆಂಪು ಮೈಯೊಳಗೆ ಒಂದಿಷ್ಟೂ ಸೋರದೆ ಗೆರೆ ಕೊರೆದ ಹಾಗೆ ನಿಲ್ಲುತ್ತದೆ. ಅಷ್ಟು ಕಷ್ಟಪಟ್ಟು ಯಾರೋ ಕೂಡಿಸಿದ್ದನ್ನು ನಾನು ಕತ್ತರಿಯಿಂದ ಬಿಡಿಸಲು ಕೂತಿದ್ದೆ. ಕತ್ತರಿ ಹಿಡಿದು ಒಂದು ಚಹಾ ಆರುವವರೆಗೆ ಕೂತೆ. ಆಮೇಲೆ ಕತ್ತರಿಸಿದೆ. ಮಡಿಕೆಯ ಗುಂಟ ಆಗಲೇ ಹಿಂಜಿತ್ತು, ಇನ್ನೆರಡು ವರ್ಷ ಬಿಟ್ಟರೆ ರನ್ನರಿಗೂ ಆಗುತ್ತಿರಲಿಲ್ಲ.

ಈ ಕೆಂಪು ಅಂಚು ಮನೆಯೊಳಗೆ ದಡಿ. ಓಣಿಗೆ ಬಂದರೆ ಅದೇ ಕಾಠ. ಬಜಾರದ ಅರಿವೆ ಅಂಗಡಿಯಲ್ಲಿ ಕಿನಾರಾ, ಟೇಲರ್ ಬಳಿ ಹೋದರೆ ಬಾರ್ಡರ್. ಉಮರ್ಗಾ ಪುಣೆ-ಹೈದರಾಬಾದ್ ಹೆದ್ದಾರಿಯ ಮೇಲಿನ ಊರು. ತಲಮೋಡ ದಾಟಿದರೆ ಕರ್ನಾಟಕ. ಇಲ್ಲಿ ಒಂದು ಪರದೆ ಹೊಲಿಸಲು ಹೋದರೂ ನಾಲ್ಕು ಭಾಷೆಯ ಮೇಲೆ ಕಾಲಿಟ್ಟು ದಾಟಬೇಕು. ನಾನು ಕಲಿತದ್ದು ಮರಾಠಿಯಲ್ಲಿ, ಕಲಿಸಿದ್ದೂ ಮರಾಠಿಯಲ್ಲೇ. ಕನ್ನಡದ ಅಕ್ಷರ ಬಂದದ್ದು ಬೇಸಿಗೆ ಸೂಟಿಯಲ್ಲಿ, ಬಸವಕಲ್ಯಾಣದ ಸೋದರಮಾವನ ಮನೆಯಲ್ಲಿದ್ದ ವಚನದ ಪುಸ್ತಕದಿಂದ. ಹೀಗಾಗಿ ನನ್ನ ತಲೆಯಲ್ಲಿ ಲೆಕ್ಕ ಒಂದು ಭಾಷೆಯಲ್ಲಿದೆ, ಸೂಜಿದಾರ ಇನ್ನೊಂದು ಭಾಷೆಯಲ್ಲಿದೆ. ಎರಡಕ್ಕೂ ಮಾತುಕತೆ ಇಲ್ಲ ಅನ್ನುವುದು ಈ ರನ್ನರ್ ದೆಸೆಯಿಂದ ಬಯಲಾಯಿತು.

ಎರಡು ಪಟ್ಟಿ ಮೂಲೆಯಲ್ಲಿ ಕೂಡುವುದಕ್ಕೆ ಎರಡು ದಾರಿ. ಒಂದರ ತಲೆಯನ್ನು ಇನ್ನೊಂದರ ಪಕ್ಕೆಗೆ ತಗುಲಿಸಿ ನೇರ ಹೊಲಿಯುವುದು ಒಂದು. ಕೈಚೀಲಕ್ಕೆ, ಬಾಗಿಲ ಪರದೆಗೆ ಅಷ್ಟು ಸಾಕು. ಎರಡನ್ನೂ ಓರೆಯಾಗಿ ಕತ್ತರಿಸಿ, ಓರೆಗೆ ಓರೆ ಕೂಡಿಸುವುದು ಇನ್ನೊಂದು, ಫೋಟೋ ಚೌಕಟ್ಟಿನ ಮೂಲೆಯ ಹಾಗೆ. ಇಂಗ್ಲಿಷಿನವರು ಇದಕ್ಕೆ ಮೈಟರ್ ಅನ್ನುತ್ತಾರೆ. ಬಿಷಪ್ಪರು ತಲೆಗೆ ಇಟ್ಟುಕೊಳ್ಳುವ ಚೂಪು ಟೋಪಿಯ ಹೆಸರೂ ಅದೇ. ನಮ್ಮ ಓಣಿಯ ಟೇಲರ್ ‘ಕಾರ್ನರ್ ಕ್ರಾಸ್’ ಅಂದು ಮುಗಿಸುತ್ತಾನೆ. ದಡಿಯಲ್ಲಿ ಗೆರೆ ಇದ್ದರೆ ಎರಡನೆಯ ದಾರಿಯೇ ಬೇಕು. ಓರೆಯಲ್ಲಿ ಕೂಡಿದಾಗ ಗೆರೆ ಮೂಲೆ ತಿರುಗಿ ಮುಂದೆ ಹೋಗುತ್ತದೆ. ನೇರ ಕೂಡಿಸಿದರೆ ಗೋಡೆಗೆ ಬಂದು ಹಾಯ್ದ ಹಾಗೆ ಅಲ್ಲೇ ನಿಲ್ಲುತ್ತದೆ.

ನನ್ನ ಲೆಕ್ಕ ಹೀಗಿತ್ತು. ನಡುವಿನ ಬಟ್ಟೆ 10 ಇಂಚು ಅಗಲ, ಮೊನೆಯಿಂದ ಮೊನೆಗೆ 68 ಇಂಚು. ಸುತ್ತ 2 ಇಂಚಿನ ದಡಿ. ಒಟ್ಟು 14 ಇಂಚು ಅಗಲ, 72 ಇಂಚು ಉದ್ದ, ಮಗಳು ಕೇಳಿದ ಅಳತೆ. ಮೊನೆ ಸರಿಯಾಗಿ 90 ಡಿಗ್ರಿ. ಮೂಲೆ ಅಂದರೆ 45 ಡಿಗ್ರಿಗೆ ಓರೆ ಕತ್ತರಿಸುವುದು ಅನ್ನುವುದು ನನಗೆ ಬಾಯಿಪಾಠ. ಬಡಿಗನಿಂದ ಹಿಡಿದು ಫೋಟೋ ಕಟ್ಟುವವನವರೆಗೆ ಎಲ್ಲರೂ ಅದನ್ನೇ ಮಾಡುವುದು ಕಂಡವಳು. ಆರು ಪಟ್ಟಿ, ಹನ್ನೆರಡು ತಲೆ, ಹನ್ನೆರಡಕ್ಕೂ 45 ಡಿಗ್ರಿ. ಚಾಕಿನಿಂದ ಗುರುತು ಮಾಡಿ ಒಂದೇ ಉಸಿರಿನಲ್ಲಿ ಕತ್ತರಿಸಿ ಹಾಕಿದೆ. ಕಾಲಿನ ಮಷೀನು, ಉಷಾ, ನನ್ನ ಮದುವೆಯಲ್ಲಿ ಬಂದದ್ದು. ರಾತ್ರಿ ಹತ್ತರವರೆಗೆ ತುಳಿದೆ.

ಬೆಳಿಗ್ಗೆ ನೆಲದ ಮೇಲೆ ಹಾಸಿ ನೋಡಿದರೆ, ನಾನು ಹೆದರಿದ್ದ ಮೊನೆಗಳು ಎರಡೂ ಚಪ್ಪಟೆಯಾಗಿ ಕೂತಿವೆ. ಕೆಟ್ಟದ್ದು ಭುಜ. ನೇರ ಬಂದ ಬದಿ ಮೊನೆಯ ಕಡೆಗೆ ಹೊರಳುತ್ತದಲ್ಲ, ಆ ನಾಲ್ಕು ಜಾಗ. ನಾಲ್ಕೂ ಕಡೆ ದಡಿ ಲಂಗದ ಝಾಲರಿನ ಹಾಗೆ ಅಲೆ ಎದ್ದಿತ್ತು. ಇಸ್ತ್ರಿ ತಂದು ಒತ್ತಿದೆ. ಅಲೆ ಹೋಗಿ ಮಡಿಕೆ ಬಿತ್ತು. ಬಿಸಿ ಹೆಚ್ಚು ಮಾಡಿ ಮತ್ತೆ ಒತ್ತಿದೆ. ಸೀರೆ ಸುಟ್ಟ ವಾಸನೆ ಬಂದದ್ದರಿಂದ ಅಲ್ಲಿಗೆ ನಿಲ್ಲಿಸಿದೆ.

ಇನ್ನೊಂದು ರೋಗವೂ ಕಾಣಿಸಿತು. ಮೊನೆಯ ಎರಡು ಓರೆ ಬದಿಗಳನ್ನು ಕತ್ತರಿಸಿದ್ದು ಎಳೆಯ ಗುಂಟ ಅಲ್ಲ, ಎಳೆಗೆ ಓರೆಯಾಗಿ, ಟೇಲರ್ ‘ಕ್ರಾಸ್’ ಅನ್ನುವ ದಿಕ್ಕಿನಲ್ಲಿ. ಆ ದಿಕ್ಕಿನಲ್ಲಿ ಹಳೆಯ ಅರಿವೆ ರಬ್ಬರು. 7 ಇಂಚಿನ ಬದಿ ಮಷೀನಿನ ಹಲ್ಲಿಗೆ ಸಿಕ್ಕು ಏಳೂವರೆ ಆಗಿತ್ತು.

ಎರಡು ದಿನ ಅದನ್ನು ಮಂಚದ ಮೇಲೆ ಹಾಸಿ, ಹಾದು ಹೋದಾಗೆಲ್ಲ ಬೈದೆ. ಮೂರನೆಯ ದಿನ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಹೇಗೂ ಎಳ್ಳಮಾವಾಸ್ಯೆಗೆ ಉದಗೀರಕ್ಕೆ ಬಾ ಅಂತ ಸಣ್ಣವ್ವ ಹೇಳಿಕಳಿಸಿದ್ದಳು. ಸಣ್ಣವ್ವ ಅಂದರೆ ಅವ್ವನ ಕಡೆಯ ತಂಗಿ. ನಮ್ಮ ಮನೆತನದ ಕೌದಿಗಳಲ್ಲಿ ಅರ್ಧ ಅವಳ ಕೈಯವು.

ಲಾಲ್‌ಪರಿ ಅನ್ನುವ ಕೆಂಪು ಎಸ್‌ಟಿ ಬಸ್ಸು. 2023ರ ಮಾರ್ಚಿನಿಂದ ಮಹಾರಾಷ್ಟ್ರದ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೇಟು. ಅದೇ ವರ್ಷ ಜೂನಿನಿಂದ ತಲಮೋಡದ ಆಚೆ ಹೆಂಗಸರಿಗೆ ಟಿಕೇಟೇ ಇಲ್ಲ; ಆದರೆ ಅದು ಅಲ್ಲಿಯ ಆಧಾರ್ ಕಾರ್ಡಿನವರಿಗೆ. ಬಸವಕಲ್ಯಾಣದ ನನ್ನ ಸೋದರಮಾವನ ಮಗಳು ಪುಕ್ಕಟೆ ತಿರುಗುತ್ತಾಳೆ, ಅವಳ ಪಕ್ಕದ ಸೀಟಿನಲ್ಲೇ ಕೂತು ನಾನು ಪೂರ್ತಿ ಕೊಡುತ್ತೇನೆ. ಕನ್ನಡ ನನ್ನದು ಅವಳಿಗಿಂತ ಶುದ್ಧ ಅಂತ ಕಂಡಕ್ಟರನಿಗೆ ಹೇಳಿ ನೋಡಿದ್ದೇನೆ. ಉಪಯೋಗವಾಗಿಲ್ಲ.

ಉಮರ್ಗಾದಿಂದ ನಿಲಂಗಾದ ಕಡೆ ಹೋಗುವಾಗ ನನಗೆ ಮೂಲೆ ನೋಡುವ ರೋಗ ಹತ್ತಿಬಿಟ್ಟಿತ್ತು. ಬಸ್ಸಿನ ಕಿಟಕಿಯ ಮೂಲೆ, ಎದುರು ಕೂತವನ ಟವೆಲ್ಲಿನ ಮೂಲೆ, ದಾರಿಯ ಮನೆಗಳ ಮೂಲೆ. ಮನೆಗಳ ಮೂಲೆ ನೋಡಿದರೆ ನಮ್ಮ ಕಡೆಯವರಿಗೆ ನೆನಪಾಗುವುದು ಒಂದೇ, ಭೂಕಂಪ. 1993ರ ಸೆಪ್ಟೆಂಬರ್ 30, ಬೆಳಗಿನ 3 ಗಂಟೆ 56 ನಿಮಿಷ. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಕಿಲ್ಲಾರಿ, ಸಾಸ್ತೂರ ಮತ್ತು ಸುತ್ತಲ ಹಳ್ಳಿಗಳಲ್ಲಿ ಹತ್ತು ಸಾವಿರದ ಹತ್ತಿರ ಜನ ಹೋದರು. ಅದನ್ನು ವಿವರಿಸಲು ನನಗೆ ಮನಸ್ಸಿಲ್ಲ. ಆಮೇಲೆ ಬಂದ ಇಂಜಿನಿಯರುಗಳು ಹೇಳಿದ್ದು ಮಾತ್ರ ನೆನಪಿದೆ. ನಮ್ಮ ಕಡೆಯ ಕರಿಕಲ್ಲಿನ ಗೋಡೆ ಎರಡು ಎರಡೂವರೆ ಅಡಿ ದಪ್ಪ. ಗಟ್ಟಿ ಅಂತ ನಾವು ನಂಬಿದ್ದು. ಒಳಗೆ ನೋಡಿದರೆ ಅದು ಎರಡು ಗೋಡೆ, ಒಳಮೈ ಒಂದು, ಹೊರಮೈ ಒಂದು, ನಡುವೆ ಕಲ್ಲುಚೂರು ಮತ್ತು ಮಣ್ಣು. ಎರಡನ್ನೂ ಹಿಡಿಯುವ ಆರಪಾರ ಕಲ್ಲು ಇಲ್ಲ. ಮೂಲೆಯಲ್ಲಿ ಈ ಗೋಡೆಯ ಕಲ್ಲು ಆ ಗೋಡೆಯೊಳಕ್ಕೆ ಹೋಗಿಲ್ಲ. ಎರಡೂ ಮೈ ತಗುಲಿಸಿಕೊಂಡು ನಿಂತಿವೆ, ಅಷ್ಟೇ. ಮೇಲೆ ಮಾಳಿಗೆಯ ಮಣ್ಣಿನ ಭಾರ. ನೆಲ ಅಲುಗಿದ ಕೂಡಲೆ ಮೂಲೆ ಬಾಯಿ ಬಿಟ್ಟಿತು, ಆಮೇಲೆ ಗೋಡೆ ಹೊಟ್ಟೆ ಒಡೆದುಕೊಂಡಿತು. ಉಳಿದ ಮನೆಗಳಿಗೆ ಅವರು ಹೇಳಿದ ದುರಸ್ತಿ ನಮ್ಮ ಹೆಂಗಸರಿಗೆ ತಕ್ಷಣ ತಿಳಿಯಿತು: ಗೋಡೆಗೆ ಅಲ್ಲಲ್ಲಿ ತೂತು ಮಾಡಿ ಆರಪಾರ ಕಟ್ಟು ಹಾಕುವುದು, ಮೂಲೆಗಳನ್ನು ಸುತ್ತಿ ಬಿಗಿಯುವುದು. ಕೌದಿಗೆ ನಡುನಡುವೆ ಟಾಕಿ ಹಾಕದಿದ್ದರೆ ಒಳಗಿನ ಹಳೆ ಅರಿವೆಯೆಲ್ಲ ಒಂದು ಕಡೆ ಬಂದು ಗುಡ್ಡೆ ಬೀಳುವುದಿಲ್ಲವೇ?

ನಿಲಂಗಾದಲ್ಲಿ ಬಸ್ಸು ಬದಲಿಸಬೇಕು. ಮುಂದಿನ ಬಸ್ಸಿಗೆ ವೇಳೆ ಇತ್ತು, ನೀಲಕಂಠೇಶ್ವರ ಗುಡಿಗೆ ಹೋದೆ. ಕಲ್ಯಾಣದ ಚಾಲುಕ್ಯರ ಕಾಲದ್ದು. ಹಿಂದೆ ಹತ್ತು ಸಲ ನೋಡಿದ ಗುಡಿ. ಪಾಯವನ್ನು ನೋಡಿದ್ದು ಈ ಸಲವೇ. ಗೋಡೆ ಹೊರಗೆ ಬಂದು ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ, ಪಾಯದ ಪಟ್ಟಿಗಳು ಅದರ ಜೊತೆ ಒಂದೊಂದು ಮೂಲೆಯನ್ನೂ ಸುತ್ತಿ ಹೋಗುತ್ತವೆ. ಎಲ್ಲೂ ಒಂದು ಪಟ್ಟಿ ಇನ್ನೊಂದಕ್ಕೆ ಹಾಯುವುದಿಲ್ಲ. ಸೀರೆಯ ದಡಿಯ ಹಾಗೆ ಮೂಲೆಯಲ್ಲಿ ಗೆರೆಗೆ ಗೆರೆ ಸೇರಿ ಮುಂದೆ ನಡೆಯುತ್ತದೆ. ಬಾಗಿ ಪಾಯ ಮುಟ್ಟುತ್ತಿದ್ದ ನನ್ನನ್ನು ಕಂಡು ಯಾರೋ ಪುಣ್ಯವಂತರು ಅಲ್ಲೇ ನಿಂತು ಕೈ ಮುಗಿದರು. ನಾನೂ ಮುಗಿದೆ. ಆ ಗುಡಿ 1993ನ್ನೂ ಕಂಡು ನಿಂತಿದೆ.

ಎಳ್ಳಮಾವಾಸ್ಯೆಯ ದಿನ ಉದಗೀರದಲ್ಲಿ ಬಜಾರ್ ಬರಿದು. ಲಾತೂರು, ಧಾರಾಶಿವ ಜಿಲ್ಲೆಗಳಿಗೆ ಅವತ್ತು ರಜೆ, ಜನ ಹೊಲದಲ್ಲಿರುತ್ತಾರೆ. ಕಚೇರಿಯ ಕಾಗದದಲ್ಲಿ ಹಬ್ಬದ ಹೆಸರು ‘ವೇಳಾ ಅಮಾವಾಸ್ಯಾ’. ಊರ ಮರಾಠಿಯಲ್ಲಿ ‘ಯೆಳವಸ’. ಅದರೊಳಗಿನ ಎಳ್ಳು ಯಾರಿಗೂ ಕಾಣುವುದಿಲ್ಲ, ಆದರೆ ಹಬ್ಬವನ್ನು ಯಾರೂ ಬಿಡುವುದಿಲ್ಲ. ಜೋಳದ ಕಣಿಕೆಯ ಕೊಪ್ಪ ಕಟ್ಟಿ, ಸುಣ್ಣ ಹಚ್ಚಿದ ಐದು ಕಲ್ಲಿನ ಪಾಂಡವರನ್ನು ಒಳಗೆ ಕೂಡಿಸಿ, ಪೂಜೆ ಮುಗಿಸಿ ಭಜ್ಜಿ, ಸಜ್ಜೆಯ ಉಂಡೆ, ಮಡಕೆಯ ಅಂಬಲಿ. ಹಾಸಿಕೊಂಡು ಕೂಡಲು ಸಣ್ಣವ್ವನ ಕೌದಿ. ಟೇಬಲ್ ಇಲ್ಲ, ಕುರ್ಚಿ ಇಲ್ಲ. ಅಂಬಲಿ ಕೌದಿಯ ಮೇಲೆ ಚೆಲ್ಲಿತು, ಯಾರೂ ಅದರ ಕಡೆ ನೋಡಲಿಲ್ಲ.

ಸಣ್ಣವ್ವನಿಗೆ ಎಂಬತ್ತೈದು. ಮದುವೆಯಾಗಿ ಬಂದಾಗ ಉದಗೀರ ಬೀದರ ಜಿಲ್ಲೆಯ ತಾಲೂಕು, ಹೈದರಾಬಾದ್ ರಾಜ್ಯ. 1956ರ ನವೆಂಬರಿನಲ್ಲಿ ರಾಜ್ಯಗಳನ್ನು ಹಂಚಿದಾಗ ಬೀದರದಿಂದ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳನ್ನು ಕತ್ತರಿಸಿ ಮುಂಬಯಿ ರಾಜ್ಯಕ್ಕೆ ಹೊಲಿದರು. 1960ರಲ್ಲಿ ಅದು ಮಹಾರಾಷ್ಟ್ರವಾಯಿತು. ಉಸ್ಮಾನಾಬಾದ್ ಜಿಲ್ಲೆಯಲ್ಲಿದ್ದ ಉದಗೀರ 1982ರಲ್ಲಿ ಲಾತೂರ ಜಿಲ್ಲೆಗೆ ಸೇರಿತು. ಇಷ್ಟೆಲ್ಲ ಆಗುವಾಗ ಸಣ್ಣವ್ವ ಒಲೆಯ ಜಾಗವನ್ನೂ ಬದಲಿಸಿರಲಿಲ್ಲ. ಈ ವಿಷಯ ಎತ್ತಿದರೆ ಅವಳಿಗಿರುವ ತಕರಾರು ಒಂದೇ: ಬೀದರಕ್ಕೆ ಹೋಗುವ ಬಸ್ಸಿನ ವೇಳೆ ಬದಲಾದಾಗ ಯಾರೂ ಹೇಳುವುದಿಲ್ಲ.

ಮರುದಿನ ಬೆಳಗಿನ ಬಿಸಿಲಿನಲ್ಲಿ, ಅಂಗಳದಲ್ಲಿ, ಚೀಲದಿಂದ ರನ್ನರ್ ತೆಗೆದು ಅವಳ ತೊಡೆಯ ಮೇಲೆ ಹಾಕಿದೆ. ಅವಳ ಕಣ್ಣು ಈಗ ಅಷ್ಟಕ್ಕಷ್ಟೆ. ಬೆರಳಿಂದಲೇ ಅಂಚಿನ ಗುಂಟ ಹೋದಳು.

“ಇದು ಯಾತರದು? ಎತ್ತಿನ ಝೂಲು ಸಣ್ಣಂದು ಮಾಡ್ದಂಗ ಅದ.”

“ಟೇಬಲ್ ಮ್ಯಾಲ ಹಾಸೋದು, ಸಣ್ಣವ್ವ.”

“ಟೇಬಲ್ಲಿಗ್ಯಾಕ ಝೂಲು? ಅದಕ್ಕೇನ್ ಕಾರಹುಣ್ಣಿಮಿ ಅದನಾ?”

ನಕ್ಕಳು. ನಗುತ್ತಲೇ ಬೆರಳು ಭುಜದ ಬಳಿ ನಿಂತಿತು. “ಇಲ್ಲಿ ಅರಬಿ ಹೆಚ್ಚಾಗ್ಯದ. ಮೊನಿಗೂ ಇಲ್ಲಿಗೂ ಒಂದೇ ಕಾಟ್ ಹಾಕೀದಿ. ಯಾರ್ ಹೇಳ್ಯಾರ ನಿನಗ?”

“ಮೂಲಿಗಿ 45 ಅಂತ...”

“ಅದ್ಯಾರು?”

ನಾನು ಸುಮ್ಮನಾದೆ. ಅವಳು ಬ್ಲೇಡು ತರಿಸಿದಳು. ನಾಲ್ಕೂ ಭುಜದ ಹೊಲಿಗೆ ನನ್ನ ಕೈಯಿಂದಲೇ ಬಿಚ್ಚಿಸಿದಳು, ದಾರದ ಚೂರು ಒಂದೊಂದಾಗಿ ಆಯಿಸಿದಳು. ದಡಿಯ ತಲೆಗಳನ್ನು ಬಿಡಿಸಿ ಇಳಿಬಿಟ್ಟು, ನಡುವಿನ ಬಟ್ಟೆಯನ್ನು ಭುಜದ ಬಿಂದುವಿನಲ್ಲಿ ಹಿಡಿದು ಮಡಚಿದಳು. ನೇರ ಬದಿ ಓರೆ ಬದಿಯ ಮೇಲೆ ಬಂದು ಕೂಡುವ ಹಾಗೆ. ಎರಡು ದಡಿಯೂ ಒಂದರ ಮೇಲೊಂದು ಬಿದ್ದವು. ಹೆಬ್ಬೆರಳಿನ ಉಗುರಿನಿಂದ ಮಡಿಕೆಯನ್ನು ತಿಕ್ಕಿದಳು.

“ಈ ದಡಿ ಮ್ಯಾಲ ಆ ದಡಿ ಕುಂತದಲ್ಲ? ಈಗ ಈ ಮಡಕಿ ಗೆರಿ ಎಲ್ಲಿಗಿ ಹೊಂಟದ ನೋಡು. ಹಂಗೇ ದಡಿ ಮ್ಯಾಲ ಮುಂದ ಎಳಿ. ಅಲ್ಲೇ ಹೊಲಿ. ಯಾವ ಮೂಲಿ ಇದ್ರೂ ಅಷ್ಟೇ.”

ಮಡಿಕೆಯ ಗೆರೆಯ ಮೇಲೆ ಅಡಿಪಟ್ಟಿ ಇಟ್ಟು ದಡಿಯ ಹೊರ ಅಂಚಿನವರೆಗೆ ಚಾಕಿನ ಗೆರೆ ಎಳೆದೆ. ಎಳೆಯುತ್ತಿದ್ದ ಹಾಗೆ ಬೋರ್ಡಿನ ಮೇಲೆ ಸಾವಿರ ಸಲ ಎಳೆದ ಗೆರೆ ಇದೇ ಅನ್ನುವುದು ತಿಳಿಯಿತು. ಕೋನದುಭಾಜಕ. ಕೋನವನ್ನು ಸರಿಯಾಗಿ ಎರಡು ಪಾಲು ಮಾಡುವ ರೇಖೆ. ಕಂಪಾಸಿನಿಂದ ಎರಡು ಕಂಸ ಹಾಕಿ ಅದನ್ನು ಎಳೆಯುವುದು ಕಲಿಸಿದ್ದೆ, ಕಾಗದ ಮಡಚಿ ತೋರಿಸುವ ಚಟುವಟಿಕೆಯನ್ನೂ ಮಾಡಿಸಿದ್ದೆ, ಮಾರ್ಕು ಕೊಟ್ಟಿದ್ದೆ, ಕಡಿದಿದ್ದೆ. 90 ಡಿಗ್ರಿಯ ಅರ್ಧ 45 ಅನ್ನುವುದೇ 45ರ ಹಿರಿಮೆ. ಅದಕ್ಕೆ ಬೇರೆ ಮಂತ್ರಶಕ್ತಿ ಇಲ್ಲ. ನನ್ನ ಬಟ್ಟೆಗೆ ಆರು ಬದಿ. ಆರು ಬದಿಯ ಆಕೃತಿಯ ಒಳಕೋನಗಳ ಮೊತ್ತ 720. ಎರಡು ಮೊನೆಗೆ 90ರಂತೆ 180 ಹೋದರೆ ಉಳಿದದ್ದು 540, ನಾಲ್ಕು ಭುಜಕ್ಕೆ ತಲಾ 135. ಅದರ ಅರ್ಧ 67.5. ನಾನು 45ರಲ್ಲಿ ಕತ್ತರಿಸಿದ್ದಕ್ಕೆ ಪ್ರತಿ ಪಟ್ಟಿಯ ಹೊರ ಅಂಚು ಬೇಕಾದದ್ದಕ್ಕಿಂತ ಒಂದು ಇಂಚಿಗೂ ಮಿಕ್ಕಿ ಉದ್ದವಿತ್ತು, ಒಂದೊಂದು ಭುಜದಲ್ಲಿ ಅಂಥವು ಎರಡು. ಆ ಎರಡೂಕಾಲು ಇಂಚು ಅರಿವೆ ಎಲ್ಲಿಗೆ ಹೋಗಬೇಕು? ಎದ್ದು ಕುಣಿಯಿತು.

ಇದನ್ನೆಲ್ಲ ಸಣ್ಣವ್ವನಿಗೆ ಹೇಳಿದೆ. ತಪ್ಪೊಪ್ಪಿಗೆಯ ಹಾಗೆಯೇ ಹೇಳಿದೆ. ಇಷ್ಟು ವರ್ಷ ಇದೇ ಕಲಿಸಿದೆ, ಇದರ ಹೆಸರು ಕೋನದುಭಾಜಕ ಅಂತ, ಕೈಗೆ ಮಾತ್ರ ಹೊಳೀಲಿಲ್ಲ ನೋಡು ಅಂದೆ.

“ಅದು ಮರಾಠ್ಯಾಗ ಕಲಿಸ್ದಿ ಅಲ್ಲ?” ಅಂದಳು. “ಈ ಸೀರಿ ಇಳಕಲ್ಲಿಂದು. ಅದಕ್ಕ ಹ್ಯಾಂಗ ತಿಳೀಬೇಕು?”

ಮಧ್ಯಾಹ್ನ ಊಟವಾದ ಮೇಲೆ ಅವಳೇ ಒಳಗಿನ ಸಂದೂಕ ತೆಗೆಸಿದಳು. ತಳದಿಂದ ನಿಜವಾದ ಝೂಲು ಹೊರಗೆ ಬಂತು. ಈ ಮನೆಯಲ್ಲಿ ಹಿಂದೆ ದೇವಣಿ ತಳಿಯ ಎತ್ತಿನ ಜೋಡಿ ಇತ್ತು. ದೇವಣಿ ಅನ್ನುವುದು ಉದಗೀರದ ನೆರೆಯ ಊರೇ. ಆ ತಳಿಯಲ್ಲಿ ಮೂರು ಬಣ್ಣ: ಪೂರಾ ಬಿಳಿಯದು ಬಾಳಂಕ್ಯಾ, ಬಿಳಿ ಮೈ ಕರಿ ಮೋರೆಯದು ವಾನೇರಾ, ಕಪ್ಪು ಮಚ್ಚೆಯದು ಶೇವೆರಾ. ಈ ಮನೆಯವು ವಾನೇರಾ. ಕಾರಹುಣ್ಣಿಮೆಯ ದಿನ ಅವುಗಳ ಬೆನ್ನಿಗೆ ಬೀಳುತ್ತಿದ್ದ ಝೂಲು ಇದು, ಸಣ್ಣವ್ವ ಮದುವೆಯಾದ ಹೊಸತರಲ್ಲಿ ಕೈಯಿಂದಲೇ ಹೊಲಿದದ್ದು. ಎತ್ತು ಮಾರಿ ಯಾವ ಕಾಲವಾಯಿತೋ. ಹೊಲಕ್ಕೆ ಈಗ ಬಾಡಿಗೆ ಟ್ರ್ಯಾಕ್ಟರು. ಝೂಲನ್ನು ಯಾರಿಗೂ ಕೊಟ್ಟಿಲ್ಲ.

ಅದನ್ನು ಬಿಸಿಲಿಗೆ ಹಾಸಿ ಮೊಣಕಾಲೂರಿ ಕೂತು ನೋಡಿದೆ. ಕೊರಳ ಕಡೆ ಸಣ್ಣದು, ಬೆನ್ನಿನ ಮೇಲೆ ಅಗಲ, ಎರಡೂ ಪಕ್ಕೆಗೆ ಇಳಿಬೀಳುವ ಒಂದೊಂದು ಮೊನೆ, ಮೊನೆಯ ತುದಿಗೆ ಗೆಜ್ಜೆ ಕಟ್ಟಿದ ದಾರ ಉಳಿದಿದೆ, ಗೆಜ್ಜೆ ಇಲ್ಲ. ಸುತ್ತ ಎರಡು ಬೆರಳ ಹಳದಿ ಪಟ್ಟಿ, ಅದರ ಹೊರಗೆ ಕೆಂಪು, ಅದರ ಹೊರಗೆ ಹಸಿರು. ಒಟ್ಟು ಎಂಟು ಮೂಲೆ ಎಣಿಸಿದೆ. ಎರಡು ಮೂಲೆ ಒಂದರ ಹಾಗೆ ಒಂದಿಲ್ಲ. ಎತ್ತಿನ ಮೈಗೆ ಗುಣ್ಯಾ, ಅಂದರೆ ಮೂಲೆಮಟ್ಟ, ಹಿಡಿದು ಯಾರು ಅಳೆಯುತ್ತಾರೆ? ಆದರೆ ಎಂಟೂ ಮೂಲೆಯಲ್ಲಿ ಮೂರೂ ಪಟ್ಟಿಯ ಓರೆ ಹೊಲಿಗೆಗಳು ಒಂದೇ ಗೆರೆಯಲ್ಲಿ, ಹಳದಿಯಿಂದ ಹೊರಟು ಕೆಂಪು ದಾಟಿ ಹಸಿರಿನ ಅಂಚಿಗೆ ನೇರ ಹೋಗಿ ಮುಟ್ಟಿವೆ. ಒಂದು ಅಲೆ ಇಲ್ಲ. ಹಿಂದೆ ತಿರುಗಿಸಿದೆ. ಓರೆ ಹೊಲಿಗೆಯ ಬಳಿ ಹೆಚ್ಚಿನ ಅರಿವೆಯನ್ನು ಕತ್ತರಿಸಿಯೇ ಇಲ್ಲ. ಒಳಗೆ ಮಡಚಿ ಟಾಕಿ ಹಾಕಿದ್ದಾಳೆ.

“ಕತ್ತರಸಲಿಲ್ಲ ಯಾಕ?” ಕೇಳಿದೆ.

“ಎತ್ತು ದಪ್ಪ ಆದ್ರ?” ಅಂದಳು.

ಉಮರ್ಗಾಕ್ಕೆ ಬಂದು ಮತ್ತೆ ಹೊಲಿದೆ. ಈ ಸಲ ಮಾಡಿದ್ದನ್ನು ಬರೆದಿಡುತ್ತೇನೆ, ಯಾರಿಗಾದರೂ ಮಗಳಿಂದ ಇಂಥ ಮೆಸೇಜು ಬಂದರೆ ಬೇಕಾದೀತು. ಮೊದಲು ಗಂಜಿ. ಸಣ್ಣವ್ವ ಹೇಳಿದಂತೆ ಅಕ್ಕಿಯ ತಿಳಿ ಗಂಜಿಯಲ್ಲಿ ನಡುವಿನ ಬಟ್ಟೆಯನ್ನು ಅದ್ದಿ, ನೆರಳಿಗೆ ಒಣಗಿಸಿ, ಇಸ್ತ್ರಿ ಒತ್ತಿ, ಆಮೇಲೆ ಓರೆ ಬದಿಗಳ ಗುಂಟ ಒಂದು ಕಚ್ಚಾ ಹೊಲಿಗೆ ಓಡಿಸಿದೆ. ಹಿಗ್ಗಿದ್ದ ಏಳೂವರೆ ಇಂಚು ದಾರ ಎಳೆದಂತೆ ಏಳಕ್ಕೆ ಬಂದು ಕೂತಿತು. ಗಂಜಿ ಹಾಕಿದ ಅರಿವೆ ಕಾಗದದ ಹಾಗೆ ಮಾತು ಕೇಳುತ್ತದೆ. ಭುಜದ ತಲೆಗಳಿಗೆ ಹೊಸ ಓರೆ ಬೇಕಲ್ಲ. ಇಳಕಲ್ ದಡಿಯ ಪುಣ್ಯ, 45ರಲ್ಲಿ ಕತ್ತರಿಸಿದ್ದು ಹೆಚ್ಚೇ ಆಗಿತ್ತು, ಕಡಿಮೆಯಾಗಿರಲಿಲ್ಲ. ಕಡಿಮೆಯಾಗಿದ್ದರೆ ಸೆರಗಿಗೆ ಕೈ ಹಾಕಬೇಕಾಗುತ್ತಿತ್ತು.

ದಡಿಯನ್ನು ಒಂದೊಂದು ಬದಿಗೆ ಹೊಲಿಯುವಾಗ ಮೂಲೆಯ ಬಿಂದುವಿಗೆ ಸರಿಯಾಗಿ ನಿಲ್ಲಿಸಬೇಕು. ಬಟ್ಟೆಯ ತುದಿಯವರೆಗೆ ಓಡಬಾರದು, ಕಾಲು ಇಂಚು ಮೊದಲೇ ನಿಲ್ಲಬೇಕು. ಎರಡು ಬದಿಯ ಹೊಲಿಗೆಗಳೂ ಆ ಒಂದೇ ತೂತಿಗೆ ಬಂದು ನಿಂತರೆ ಮೂಲೆ ತಾನೇ ತಿರುಗುತ್ತದೆ. ಒಂದು ಟಾಕಿ ಮುಂದೆ ಹೋದರೂ ಮೂಲೆಯಲ್ಲಿ ಸಣ್ಣ ಸುಕ್ಕು ಬಿದ್ದು, ಎಷ್ಟು ಒತ್ತಿದರೂ ಅಲ್ಲೇ ಇರುತ್ತದೆ. ಹೀಗಾಗಿ ಕೊನೆಯ ಮೂರು ಟಾಕಿಗೆ ಕಾಲು ತೆಗೆದು ಕೈಯಿಂದ ಚಕ್ರ ತಿರುಗಿಸಿದೆ. ಆಮೇಲೆ ಮಡಚು, ಗೆರೆ ಎಳೆ, ಗುಂಡುಸೂಜಿ ಚುಚ್ಚು. ಹಳದಿ ಗೆರೆಯ ಮೇಲೆ ಹಳದಿ ಗೆರೆ ಬಂತೋ ಇಲ್ಲವೋ ಅಂತ ಸೂಜಿಯನ್ನು ಆರಪಾರ ಹಾಯಿಸಿ ನೋಡಿದೆ. ಮೂರು ಮೂಲೆಯಲ್ಲಿ ಬಂತು. ನಾಲ್ಕನೆಯದರಲ್ಲಿ ಎರಡು ಎಳೆಯಷ್ಟು ತಪ್ಪಿತು. ಬಿಚ್ಚಿ ಮತ್ತೆ ಹೊಲಿದೆ, ಮತ್ತೆ ತಪ್ಪಿತು. ಅದನ್ನು ಹಾಗೇ ಬಿಟ್ಟೆ. ಎರಡು ಎಳೆ ತಪ್ಪಿದ್ದು ನನಗೊಬ್ಬಳಿಗೆ ಕಾಣುತ್ತದೆ. ಆ ಮೂಲೆ ಗೋಡೆಯ ಕಡೆ ಬರಲಿ ಅಂತ ಮಗಳಿಗೆ ಹೇಳಿದರಾಯಿತು.

ಇನ್ನೊಂದು ಲೆಕ್ಕವೂ ತಪ್ಪಿತ್ತು. 68 ಇಂಚಿಗೆ ಎರಡೂ ಕಡೆ ಎರಡೆರಡು ಇಂಚು ದಡಿ ಸೇರಿದರೆ 72 ಅಂತ ಕೂಡಿಸಿದ್ದೆ. ಮೊನೆಯಲ್ಲಿ ದಡಿ ಅಷ್ಟಕ್ಕೆ ನಿಲ್ಲುವುದಿಲ್ಲ. ಎರಡು ಪಟ್ಟಿ ಓರೆಯಾಗಿ ಕೂಡಿ ಮುಂದೆ ಚಾಚುವುದರಿಂದ 2 ಇಂಚಿನ ದಡಿ 90 ಡಿಗ್ರಿಯ ಮೊನೆಯಲ್ಲಿ ಸುಮಾರು 2.8 ಇಂಚು ಮುಂದೆ ಬರುತ್ತದೆ. ಮೊನೆ ಇನ್ನೂ ಚೂಪು, 60 ಡಿಗ್ರಿ ಆಗಿದ್ದರೆ ಪೂರಾ 4 ಇಂಚು. ನನ್ನ ರನ್ನರ್ 73 ಇಂಚು ದಾಟಿತು. ಕರ್ಣದ ಲೆಕ್ಕ, ಪೈಥಾಗೊರಸ್, ಇದನ್ನೂ ಕಲಿಸಿದ್ದೆ.

ಹೊಲಿಗೆ ಮುಗಿದ ಮೇಲೆ ಭುಜದ ಹೆಚ್ಚಿನ ಅರಿವೆಗೆ ಕತ್ತರಿ ಹಿಡಿದೆ. ಹಿಡಿದು, ಝೂಲು ನೆನಪಾಗಿ, ಒಳಗೆ ಮಡಚಿ ಟಾಕಿ ಹಾಕಿದೆ. ಟೇಬಲ್ ದಪ್ಪ ಆಗುವುದಿಲ್ಲ, ಗೊತ್ತು.

ಕೊರಿಯರಿನಲ್ಲಿ ಕಳಿಸಿದ ಮೂರನೆಯ ದಿನ ಮಗಳ ಫೋನು. ಬಹಳ ಚೆಂದ ಆಗ್ಯದ, ಬಂದವರೆಲ್ಲ ಎಲ್ಲಿ ತಗೊಂಡ್ರಿ ಅಂತ ಕೇಳ್ತಾರ ಅಂದಳು. ವಿಡಿಯೋದಲ್ಲಿ ತೋರಿಸಿದಳು. ನಾಲ್ಕು ಭುಜವೂ ಚಪ್ಪಟೆ, ಎರಡು ಮೊನೆಯೂ ಟೇಬಲ್ಲಿನ ಅಂಚು ದಾಟಿ ನೆಟ್ಟಗೆ ಇಳಿದಿವೆ. ಆದರೆ ಏನೋ ಮಿರಮಿರ ಹೊಳೆಯುತ್ತಿತ್ತು. ಏನದು ಅಂದೆ. ಮಗು ಸಾರು ಚೆಲ್ಲುತ್ತದೆ, ಆಯಿಯ ಸೀರೆ ಹಾಳಾಗಬಾರದು ಅಂತ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದ್ದಾಳೆ. ಅದರ ಮೂಲೆಗಳು ನಾಲ್ಕೇ.